ಬೆನ್ನ ಮೇಲಿನ ಮರೂನ್ ಚೌಕ

ಮುದ್ರೆ ಇರುವ ಅಂಗಿಯನ್ನು ಒಳಮೈ ಹೊರಗೆ ಮಾಡಿಯೇ ಇಸ್ತ್ರಿ ಹಾಕಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೇಳಿಕೊಟ್ಟವರು ಯಾರೆಂಬುದೂ ನೆನಪಿದೆ. ಆದರೂ ಕಳೆದ ಭಾನುವಾರ ಫೋನಿನಲ್ಲಿ ಒಬ್ಬರೊಂದಿಗೆ ಜಗಳವಾಡುತ್ತಾ, ಕಪಾಟಿನ ತಳದಿಂದ ಎಳೆದ ನೀಲಿ ಟೀ-ಶರ್ಟನ್ನು ಹಾಗೆಯೇ ಹಾಸಿ ಅದರ ಮೇಲೆ ಬಿಸಿ ಪೆಟ್ಟಿಗೆ ಇಟ್ಟುಬಿಟ್ಟೆ. ಪೆಟ್ಟಿಗೆ ಅಂಟಿಕೊಂಡಿತು. ಬಿಡಿಸುವಷ್ಟರಲ್ಲಿ ಸುಟ್ಟ ರಬ್ಬರಿನ ಘಾಟು ಕೋಣೆ ತುಂಬಿತ್ತು. ಅಡುಗೆಮನೆಯಿಂದ ಅವ್ವ, "ಏನ್ ಸುಟ್ಟೀಯವಾ?" ಅಂದಳು. ನಾನು ಫೋನು ಇಟ್ಟೆ. ಜಗಳದಲ್ಲಿ ಗೆಲ್ಲುವ ಹಂತದಲ್ಲಿದ್ದೆ, ಆದರೂ ಇಟ್ಟೆ.

ಆ ಘಾಟು ನಮ್ಮ ವಿಶ್ವವಿದ್ಯಾಲಯದ ಕಲಾ ವಿಭಾಗದ ಹಿಂದಿದ್ದ ತಗಡಿನ ಶೆಡ್ಡಿನದು. ಅಲ್ಲಿ ಅಂಗಿಗಳಿಗೆ ಮುದ್ರೆ ಒತ್ತುವ ಉದ್ದನೆಯ ಮೇಜು, ಇಂಕು ಹಾಯುವ ಜಾಳಿಗೆ ಬಿಗಿದ ಮರದ ಚೌಕಟ್ಟುಗಳು, ಅರ್ಧ ಒಣಗಿದ ಇಂಕಿನ ಡಬ್ಬಿಗಳು... ಮತ್ತು ಮೇಡಮ್.

ಅಂಗಿಯ ಎದೆಯ ಮೇಲೆ ಬಿಳಿ ಬಣ್ಣದಲ್ಲಿ ತೆಲುಗಿನ ಒಂದು ಸಾಲಿದೆ. ಬೆನ್ನ ಮೇಲೆ ಬರಹವಿಲ್ಲ. ಒಂದು ಗೇಣು ಅಗಲದ ಮರೂನ್ ಚೌಕ ಮಾತ್ರ. ಈಗ ಅದರ ಒಂದು ಮೂಲೆ ಕರಗಿ ಇಸ್ತ್ರಿ ಪೆಟ್ಟಿಗೆಗೆ ಹತ್ತಿಕೊಂಡಿದೆ.

ಮೇಡಮ್ ಗದಗಿನ ಕಡೆಯವರು. ಗಂಡನಿಗೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಮದುವೆಯಾದ ಹೊಸದರಲ್ಲೇ ಹೈದರಾಬಾದಿಗೆ ಬಂದವರು. ಗಂಡ ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ನಮ್ಮಲ್ಲಿ ಅವರು ಗೆಸ್ಟ್ ಟೀಚರ್. ಅಂದರೆ ಪ್ರತಿ ಜೂನ್‌ನಲ್ಲಿ ಆಫೀಸಿನಿಂದ ಕರೆ ಬಂದರೆ ಆ ವರ್ಷ ಮೇಡಮ್, ಬರದಿದ್ದರೆ ಏನೂ ಅಲ್ಲ. ಎಷ್ಟೋ ಜೂನ್‌ಗಳಿಂದ ಕರೆ ಬರುತ್ತಲೇ ಇತ್ತು. ಬಟ್ಟೆಯ ಮೇಲೆ ಚಿತ್ರ ಬಿಡಿಸುವುದು, ಮುದ್ರಿಸುವುದು ಅವರ ಪಾಠ. ಕ್ಲಾಸಿನಲ್ಲಿ ಇಂಗ್ಲಿಷು, ಜವಾನನೊಡನೆ ತೆಲುಗು, ಆಟೋದವನೊಡನೆ ಹಿಂದಿ. ನನ್ನೊಡನೆ ಮಾತ್ರ ಗದಗಿನ ಕನ್ನಡ. ನಾನು ಹಿಮಾಯತ್‌ನಗರದಲ್ಲಿ ಹುಟ್ಟಿ ಬೆಳೆದ ರಾಯಚೂರು ಕಡೆಯ ಮನೆಯ ಹುಡುಗಿ ಎಂದು ಗೊತ್ತಾದ ದಿನದಿಂದ ಅವರು ನನ್ನೆದುರು ಬೇರೆ ಭಾಷೆ ಆಡಲಿಲ್ಲ.

ವರ್ಷಕ್ಕೊಮ್ಮೆ ಸ್ಥಾಪನಾ ದಿನಕ್ಕೆ ವಿದ್ಯಾರ್ಥಿಗಳೇ ಬಿಡಿಸಿದ ಒಂದು ಟೀ-ಶರ್ಟು ಹೊರಬರುತ್ತಿತ್ತು. ವಿಷಯ ಯಾವಾಗಲೂ ಒಂದೇ: ನಮ್ಮ ವಿಶ್ವವಿದ್ಯಾಲಯ, ನಮ್ಮ ನಗರ. ಆ ಸ್ಪರ್ಧೆ ನಡೆಸುತ್ತಿದ್ದವರು ಮೇಡಮ್. ಅವರದೇ ಒಂದು ಪದ್ಧತಿ ಇತ್ತು. ಅದಕ್ಕೆ ಅವರು 'ತಿರುಗಾಟ' ಅನ್ನುತ್ತಿದ್ದರು. ಕಾಗದದ ಮೇಲಿನ ಚಿತ್ರ ನೋಡಿ ಯಾರೂ ವೋಟು ಹಾಕುವಂತಿಲ್ಲ. ಬಂದ ಪ್ರತಿ ಡಿಸೈನನ್ನೂ ಶೆಡ್ಡಿನ ಮೇಜಿನ ಮೇಲೆ ಒಂದೇ ಒಂದು ಅಂಗಿಗೆ ಒತ್ತಬೇಕು. ಅದನ್ನು ಬಿಡಿಸಿದವರೇ ತೊಟ್ಟು, ಸಿಟಿ ಬಸ್ಸು ಹತ್ತಿ, ಒಂದು ದಿನ ಊರು ತಿರುಗಿ ಬರಬೇಕು. ಜನ ಏನಂದರು, ಯಾರು ನಕ್ಕರು, ಯಾರು ಮುಖ ತಿರುಗಿಸಿದರು ಎಂಬುದನ್ನು ಶೆಡ್ಡಿನಲ್ಲಿ ಕೂತು ಎಲ್ಲರಿಗೂ ಹೇಳಬೇಕು. ಆಮೇಲೆ ವೋಟು. ಇನ್ನೊಂದು ನಿಯಮ ಇದಕ್ಕಿಂತ ಕಠಿಣ: ತಿರುಗಾಟದಲ್ಲಿ ಅಂಗಿಯ ಅರ್ಥವನ್ನು ಯಾರಿಗೂ ವಿವರಿಸುವಂತಿಲ್ಲ. ವಿವರಿಸಿದರೆ ಡಿಸೈನು ಔಟ್.

ನಾನು ಡಿಬೇಟ್ ಸಂಘದವಳು. ವಿವರಿಸಬಾರದು ಅನ್ನುವುದು ನನ್ನ ಮಟ್ಟಿಗೆ ಉಸಿರಾಡಬಾರದು ಅಂದ ಹಾಗೆ. ಮೊದಲ ಸಭೆಗೆ ನಾನು ಹೋದದ್ದೇ ಆಕ್ಷೇಪಣೆ ಎತ್ತಲು. ಹಿಂದಿನ ವರ್ಷಗಳ ಅಂಗಿಗಳನ್ನು ಗೋಡೆಗೆ ತೂಗುಹಾಕಿದ್ದರು. ಅದರಲ್ಲಿ ಚಾರ್‌ಮಿನಾರ್ ಎಷ್ಟಿದ್ದವೋ, ಬಿರಿಯಾನಿ ಹಂಡೆಗಳು ಎಷ್ಟಿದ್ದವೋ. ಒಂದರಲ್ಲಂತೂ ಚಾರ್‌ಮಿನಾರೇ ಕನ್ನಡಕ ಹಾಕಿಕೊಂಡು ಪುಸ್ತಕ ಓದುತ್ತಿತ್ತು. ನಾನು ಎದ್ದು ನಿಂತು ಹೇಳಿದೆ: ಒಂದು ಊರನ್ನು ಕೊಂಡಾಡುವುದಕ್ಕೆ ಮೊದಲು ಅದು ಯಾರ ಊರು ಅಂತ ಕೇಳಬೇಕಲ್ಲವೇ? ಈ ಅಂಗಿಗಳಲ್ಲಿ ಒಂದಾದರೂ ವಾದವಿದೆಯೇ?

ಮೇಡಮ್ ಜಾಳಿಗೆ ತೊಳೆಯುತ್ತಿದ್ದರು. ತಲೆ ಎತ್ತದೆ, "ಅಂಗಿ ವಾದ ಹಿಡಿಯಂಗಿಲ್ಲ ವಕೀಲವ್ವ, ಮೈ ಹಿಡಿತೈತಿ" ಅಂದರು.

ಅಂದಿನಿಂದ ನಾನು ವಕೀಲವ್ವ.

ಆ ವರ್ಷ ಒಂದು ತೊಡಕಿತ್ತು. ಅದನ್ನು ಮೇಡಮ್ ನಮ್ಮೆಲ್ಲರ ಮುಂದೆಯೇ ಹೇಳಿದ್ದರು, ಮುಚ್ಚಿಟ್ಟಿರಲಿಲ್ಲ. ಹಿಂದಿನ ವರ್ಷ ಊರಿನ ಟ್ರಾಫಿಕ್ಕನ್ನು ಗೇಲಿ ಮಾಡಿದ ಅಂಗಿ ತೊಟ್ಟ ಹುಡುಗನನ್ನು ಒಬ್ಬ ಪೊಲೀಸಪ್ಪ ಸಿಗ್ನಲ್ಲಿನಲ್ಲಿ ಬಿಸಿಲಿಗೆ ನಿಲ್ಲಿಸಿದ್ದನಂತೆ. ಅವನ ಅಪ್ಪ ಆಫೀಸಿಗೆ ದೂರು ಕೊಟ್ಟಿದ್ದರು. ವಿದ್ಯಾರ್ಥಿ ಕಲ್ಯಾಣ ನೋಡಿಕೊಳ್ಳಲು ಹೊಸದಾಗಿ ಬಂದಿದ್ದ ಸಾಹೇಬರು ಮೇಡಮ್ಮನ್ನು ಕರೆಸಿ, ತಿರುಗಾಟ ಬಿಟ್ಟು ಆನ್‌ಲೈನ್ ವೋಟು ಮಾಡಿ, ಇನ್ನೊಂದು ದೂರು ಬಂದರೆ ಬರುವ ಜೂನ್‌ನಲ್ಲಿ ನಿಮ್ಮನ್ನು ಕರೆಯುವುದು ಕಷ್ಟ, ಎಂದಿದ್ದರು. ಮೇಡಮ್ ಇದನ್ನು ಹೇಳಿ ನಕ್ಕರು. "ತಿರುಗಾಟ ಬ್ಯಾಡಂದ್ರ ಅಂಗಿ ಯಾಕ, ಕ್ಯಾಲೆಂಡರ್ ಮಾಡ್ರಿ" ಅಂದರು. ನಗು ಮಾತ್ರ ಅವರ ಬಾಯಿಯ ತನಕ ಬಂದು ಅಲ್ಲೇ ನಿಂತಿತ್ತು. ಆಮೇಲೆ ಅವರು ಪ್ರತಿ ಅಂಗಿಯನ್ನು ಒತ್ತುವಾಗಲೂ ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದರು...

ನಾನು ಬರೀ ಆಕ್ಷೇಪಣೆ ಎತ್ತಿ ಕೂರುವವಳಲ್ಲ. ನಾನೂ ಒಂದು ಡಿಸೈನು ಕೊಟ್ಟೆ. ಚಿತ್ರವೇ ಇಲ್ಲದ ಡಿಸೈನು. ಎದೆಯ ಮೇಲೆ ತೆಲುಗಿನಲ್ಲಿ, 'ಈ ಊರು ಮಾದಿ.' ಈ ಊರು ನಮ್ಮದು. ಬೆನ್ನ ಮೇಲೆ, 'ಮೀದಾ? ರುಜುವೇದಿ?' ನಿಮ್ಮದೇ? ಪುರಾವೆ ಎಲ್ಲಿ?

ಇದು ಎಲ್ಲಿಂದ ಬಂತು ಅಂದರೆ, ನನ್ನ ಇಡೀ ಬಾಳಿನಿಂದ. ನಾನು ಇದೇ ಊರಿನಲ್ಲಿ ಹುಟ್ಟಿದವಳು. ಆದರೂ ಮನೆಯಲ್ಲಿ ಕನ್ನಡ ಅನ್ನುವುದು ಗೊತ್ತಾದ ಕೂಡಲೇ ಕ್ಲಾಸಿನಲ್ಲಿ ಯಾರಾದರೊಬ್ಬರು, ಹೌದಾ, ಹಾಗಾದರೆ ನಿಜವಾಗಿ ನಿಮ್ಮದು ಯಾವ ಊರು, ಅನ್ನುತ್ತಿದ್ದರು. ರಜೆಗೆ ರಾಯಚೂರಿಗೆ ಹೋದರೆ ಸೋದರಮಾವನ ಮಕ್ಕಳು, "ಬಂದ್ಳು ನೋಡು ಹೈದ್ರಾಬಾದಿನಾಕಿ" ಅನ್ನುತ್ತಿದ್ದರು. ಡಿಬೇಟಿನಲ್ಲಿ ಮೊದಲು ಕಲಿಸುವ ಪಾಠವೇ ಇದು: ಹಕ್ಕು ಸಾಧಿಸುವವನೇ ಪುರಾವೆ ಒದಗಿಸಬೇಕು. ಹಾಗಾಗಿ ಎದೆಯ ಮೇಲೆ ನನ್ನ ಹಕ್ಕು, ಬೆನ್ನ ಮೇಲೆ ಊರು ನನಗೆ ಕೇಳುವ ಪ್ರಶ್ನೆ. ಒಂದೇ ಬಟ್ಟೆಯಲ್ಲಿ ಎರಡು ಪಕ್ಷ. ಟಾಸ್ ಹಾಕಿ ಯಾವ ಕಡೆ ಬಂದರೂ ಮಾತಾಡಬೇಕಾದ ನಮಗೆ, ಒಂದೇ ಬಾಯಲ್ಲಿ ಎರಡೂ ಪಕ್ಷ ಹೇಳುವುದು ಸಹಜವೇ ಆಗಿತ್ತು. ಇದಕ್ಕಿಂತ ಬುದ್ಧಿವಂತ ಅಂಗಿ ಆ ಗೋಡೆಯ ಮೇಲೆ ಇರಲಿಲ್ಲ ಎಂದು ನಾನು ನಂಬಿದ್ದೆ.

ಮೇಡಮ್ ಎದೆಯ ಕಡೆ ನೋಡಿದರು. ತಿರುಗಿಸಿ ಬೆನ್ನಿನ ಕಡೆ ನೋಡಿದರು. ಮತ್ತೆ ತಿರುಗಿಸಿದರು. ಬೇಡ ಅನ್ನುತ್ತಾರೆ ಎಂದುಕೊಂಡು ನಾನು ಆಗಲೇ ಮನಸ್ಸಿನಲ್ಲಿ ಉತ್ತರ ಜೋಡಿಸತೊಡಗಿದ್ದೆ. ಅವರು ಬೇಡ ಅನ್ನಲಿಲ್ಲ. ತಿರುಗಾಟ ಆಗದೆ ಯಾವ ಡಿಸೈನನ್ನೂ ಬೇಡ ಅಂದವರಲ್ಲ ಅವರು. "ಬಣ್ಣ ಒಂದ ಸಾಕು, ಬಿಳಿ" ಅಂದರು. ಬಿಳಿ ಇಂಕಿನ ಡಬ್ಬಿ ತೆರೆಯುತ್ತಾ, "ಬುಧವಾರ ನಾನೂ ಬರ್ತೀನಿ ನಿನ್ನ ಕೂಡ" ಅಂದರು.

ಅವರು ಯಾರ ತಿರುಗಾಟಕ್ಕೂ ಜೊತೆಗೆ ಹೋದದ್ದನ್ನು ನಾನು ಕೇಳಿರಲಿಲ್ಲ. ನನ್ನ ಅಂಗಿ ಇಷ್ಟವಾಗಿದೆ ಎಂದುಕೊಂಡೆ.

ಬುಧವಾರ ಮಧ್ಯಾಹ್ನ ಕೋಠಿಯಲ್ಲಿ ಉಪ್ಪಲ್ ಕಡೆಯ ಬಸ್ಸು ಹತ್ತಿದೆವು. ಹೆಂಗಸರ ಸಾಲಿನಲ್ಲಿ ಮೇಡಮ್ಮಿಗೆ ಸೀಟು ಸಿಕ್ಕಿತು. ನಾನು ಅವರಿಗಿಂತ ಎರಡು ಸೀಟು ಮುಂದೆ, ಕಂಬಿ ಹಿಡಿದು ಡ್ರೈವರನ ಕಡೆ ಮುಖ ಮಾಡಿ ನಿಂತಿದ್ದೆ. ಮೇಡಮ್ ಅವತ್ತು ಊರಿನ ಕೈಮಗ್ಗದ ಮರೂನ್ ಸೀರೆ ಉಟ್ಟಿದ್ದರು. ಮುಂದಿನ ಸೀಟಿನ ಶಾಲೆಯ ಹುಡುಗಿ ಹಿಂದಿರುಗಿ ನನ್ನ ಎದೆಯ ಸಾಲು ಓದಿ ನಕ್ಕಳು. ನಾನೂ ನಕ್ಕೆ. ಒಂದು ಅಂಕ ನನಗೆ, ಎಂದುಕೊಂಡೆ.

ಅಂಬರ್‌ಪೇಟೆಯಲ್ಲಿ ಒಬ್ಬ ಹೆಂಗಸು ಹತ್ತಿ ನನ್ನ ಬೆನ್ನ ಹಿಂದೆ ನಿಂತಳು. ಕಟ್ಟಡದ ಕೆಲಸದವಳು. ಕೂದಲಲ್ಲಿ ಸಿಮೆಂಟಿನ ಧೂಳು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಕಂಡಕ್ಟರಮ್ಮ ಬಂದಳು. ಇಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಆದರೆ ಆಧಾರ್ ಕಾರ್ಡು ತೋರಿಸಬೇಕು, ಅದರಲ್ಲಿ ತೆಲಂಗಾಣದ ವಿಳಾಸ ಇರಬೇಕು. ಇದ್ದರೆ ಜೀರೋ ಟಿಕೆಟ್. ಕಂಡಕ್ಟರಮ್ಮ ಆ ಹೆಂಗಸಿನ ಕಾರ್ಡು ನೋಡಿ ವಾಪಸು ಕೊಟ್ಟಳು. "ಇದಿ ಕರ್ಣಾಟಕ ಆಧಾರ್ ಅಮ್ಮಾ. ಚೆಲ್ಲದು." ನಡೆಯುವುದಿಲ್ಲ, ಟಿಕೆಟ್ ತಗೋ, ಅಂತ. ಹೆಂಗಸು ಹರಕು ತೆಲುಗಿನಲ್ಲಿ, ತಾನು ಇಲ್ಲೇ ಇರುವವಳು, ಮಗಳು ಇಲ್ಲೇ ಹುಟ್ಟಿದ್ದಾಳೆ, ಕಾರ್ಡು ಮಾತ್ರ ಊರಲ್ಲಿ ಮಾಡಿಸಿದ್ದು, ಎಂದೆಲ್ಲ ಹೇಳುತ್ತಿದ್ದಳು. ಕಂಡಕ್ಟರಮ್ಮನೂ ಕೆಟ್ಟವಳಲ್ಲ. ನನ್ನ ಕೈಯಲ್ಲಿ ಏನಿದೆಯಮ್ಮಾ, ಅನ್ನುತ್ತಿದ್ದಳು. ದಿನಾ ಬಸ್ಸಿನಲ್ಲಿ ನಡೆಯುವ ಮಾತು. ನಾನು ತಿರುಗಿಯೂ ನೋಡಲಿಲ್ಲ.

ಆಗ ಹಿಂದಿನಿಂದ ಒಬ್ಬ ಹುಡುಗ ನನ್ನ ಬೆನ್ನನ್ನು ಗಟ್ಟಿಯಾಗಿ ಓದಿದ. "ಮೀದಾ? ರುಜುವೇದಿ?"

ಯಾರೋ ನಕ್ಕರು. ಇನ್ನೊಬ್ಬರು, "ದೇಖೋ ದೇಖೋ, ಪೀಛೇ ಕ್ಯಾ ಲಿಖಾ ಹೈ" ಅಂದರು, ಬೆನ್ನ ಮೇಲೆ ಏನು ಬರೆದಿದೆ ನೋಡಿ, ಅಂತ. ಹೆಂಗಸಿಗೆ ಓದಲು ಬರುತ್ತಿರಲಿಲ್ಲ ಅನ್ನಿಸುತ್ತದೆ. "ಏನಂತ?" ಅಂದಳು. ಕನ್ನಡದಲ್ಲಿ. ಅದೂ ನಮ್ಮ ಮನೆಯ ಕನ್ನಡದಲ್ಲಿ, ರಾಯಚೂರಿನ ಕನ್ನಡದಲ್ಲಿ. ನನ್ನ ಕಿವಿ ನೆಟ್ಟಗಾಯಿತು. ಹುಡುಗ ನನ್ನ ಬೆನ್ನಿಗೆ ಬೆರಳು ತೋರಿಸಿ, ಅವಳಿಗೆ ತಿಳಿಯಲೆಂದು ನಿಧಾನವಾಗಿ ಇನ್ನೊಮ್ಮೆ ಓದಿದ. ಈ ಸಲ ಯಾರೂ ನಗಲಿಲ್ಲ.

ಒಂದು ಬಸ್ಸಿನ ಗಾಳಿ ಬದಲಾಗುವುದು ಬೆನ್ನಿಗೆ ತಿಳಿಯುತ್ತದೆ, ಕಣ್ಣು ಬೇಕಿಲ್ಲ. ಒಬ್ಬ ವಯಸ್ಸಾದವರು, "ಪಢೇಲಿಖೇ ಲೋಗಾಂ ಹೈ ನಾ, ಗರೀಬೋಂ ಕಾ ಮಜಾಕ್ ಉಡಾತೇ" ಅಂದರು. ಓದಿದವರು ಬಡವರನ್ನು ಗೇಲಿ ಮಾಡುತ್ತಾರೆ, ಅಂತ. ನಾನು ಚಟ್ಟನೆ ತಿರುಗಿದೆ. ವಿವರಿಸಬಾರದು, ಸರಿ. ಎದೆಯ ಸಾಲು ತೋರಿಸಬಾರದು ಅಂತೇನೂ ನಿಯಮವಿರಲಿಲ್ಲವಲ್ಲ. ಮುಂದಿನದನ್ನೂ ಓದಿದರೆ ಇಡೀ ವಾದ ಅರ್ಥವಾದೀತು ಎಂಬ ಲೆಕ್ಕ ನನ್ನದು. ಹುಡುಗ ಅದನ್ನೂ ಓದಿದ. "ಈ ಊರು ಮಾದಿ."

ಪೂರ್ತಿ ವಾದ ಅರ್ಧ ವಾದಕ್ಕಿಂತ ಕೆಟ್ಟದಾಗಿತ್ತು. ಊರು ನಮ್ಮದು, ನಿಮ್ಮದಾದರೆ ಪುರಾವೆ ತೋರಿಸಿ. ಕಾಗದದ ಮೇಲೆ ಅದು ಇಬ್ಬರು ಆಡಿದ ಮಾತಾಗಿತ್ತು. ಮೈಮೇಲೆ ಬಂದಾಗ ಎರಡನ್ನೂ ಆಡಿದವಳು ನಾನೊಬ್ಬಳೇ. ಅದೂ ಆ ಕ್ಷಣ ವಿಳಾಸ ಸರಿಯಿಲ್ಲದ ಕಾರ್ಡು ಕೈಯಲ್ಲಿ ಹಿಡಿದು ನಿಂತವಳ ಮುಖಕ್ಕೆ.

"ದಿಗು, ದಿಗು" ಎಂದು ಹಿಂದಿನಿಂದ ಕೂಗು ಬಂತು. ಇಳಿ, ಇಳಿ. ಒಂದು ಕೈ ನನ್ನ ತೋಳಿನ ಬಟ್ಟೆ ಹಿಡಿದೆಳೆಯಿತು. ಎರಡು ಫೋನುಗಳು ಮೇಲೆದ್ದವು. ಡ್ರೈವರ್ ಬಸ್ಸನ್ನು ರಸ್ತೆಯ ಮಗ್ಗುಲಿಗೆ ತಂದು ನಿಲ್ಲಿಸಿದ. ನನ್ನ ನಾಲಿಗೆಯ ತುದಿಯಲ್ಲಿ ಮೊದಲನೇ ಅಂಶ, ಎರಡನೇ ಅಂಶ ತಯಾರಿದ್ದವು, ನಾಲ್ಕು ಭಾಷೆಗಳಲ್ಲಿ. ಆ ಹೆಂಗಸು ನನ್ನ ಅಂಗಿ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ನನಗೆ ತಿಳಿಯುವುದಿಲ್ಲ ಎಂದುಕೊಂಡು, ತನ್ನಷ್ಟಕ್ಕೇ ಅಂದಳು: "ನಾ ಈಕಿಗೇನ್ ಮಾಡೀನಿ? ಯಾಕ ಅಂಗಿ ಮ್ಯಾಲ ನನಗ ಬೈದು ಬರಕೊಂಡಾಳ?"

ನಾನು ಬಾಯಿ ತೆರೆದೆ. ಆಗ ಗುಂಪಿನೊಳಗಿಂದ ಒಂದು ಕೈ ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿತು. "ಮಾತಾಡಬ್ಯಾಡ." ಮೇಡಮ್ ಎದ್ದು ಬಂದಿದ್ದರು. ನನ್ನ ಬೆನ್ನಿಗೆ ತಮ್ಮ ಎದೆ ಒತ್ತಿ, ಎರಡೂ ಕೈಯಿಂದ ನನ್ನ ಅಕ್ಕಪಕ್ಕದ ಕಂಬಿ ಹಿಡಿದು ನಿಂತರು. ಬೆನ್ನಿನ ಅಕ್ಷರಗಳು ಅವರ ಸೀರೆಯ ಹಿಂದೆ ಹೋದವು. ತೋಳೆಳೆದ ಕೈ ಬಿಟ್ಟಿತು. ಐವತ್ತು ದಾಟಿದ ಹೆಂಗಸನ್ನು ಸರಿಸಿ ನನ್ನನ್ನು ಎಳೆಯಬೇಕಾಗುತ್ತಿತ್ತು, ಅಷ್ಟು ಧೈರ್ಯ ಯಾರಿಗೂ ಇರಲಿಲ್ಲ. ಕಂಡಕ್ಟರಮ್ಮ ನಮಗೆ ಇಳಿಯಿರಿ ಅಂದಳು. ಮೇಡಮ್, ಈ ಹೆಂಗಸು ಎಲ್ಲಿ ಇಳಿಯುತ್ತಾಳೋ ಅಲ್ಲೇ ನಾವೂ ಇಳಿಯುತ್ತೇವೆ, ಎಂದು ತೆಲುಗಿನಲ್ಲಿ ಹೇಳಿ, ಕತ್ತು ಮಾತ್ರ ಆ ಹೆಂಗಸಿನ ಕಡೆ ತಿರುಗಿಸಿದರು.

"ಯಾವೂರವಾ ನಿಂದು?"

ಹೆಂಗಸು ಬೆಚ್ಚಿದಳು. "ಮಸ್ಕಿ ಕಡೇರಿ."

"ಅಲ್ಲಿ ಸೀಟ್ ಖಾಲಿ ಐತಿ, ಕುಂದ್ರು. ನಂದೇ ಅದು."

"ಆ ಹುಡುಗಿ ಯಾಕ್ರಿ ಹಂಗ..."

"ತಪ್ಪಾತವಾ. ಅಂಗಿ ಇನ್ನಾ ಕಚ್ಚಾ ಐತಿ."

ಅಷ್ಟೇ. ವಿವರಣೆ ಇಲ್ಲ, ಸಮರ್ಥನೆ ಇಲ್ಲ. ಬಸ್ಸು ಹೊರಟಿತು. ಗೊಣಗಾಟ ನಿಲ್ಲಲಿಲ್ಲ, ಆದರೆ ಅದಕ್ಕೆ ಹಿಡಿಯಲು ಕೊಂಬೆ ಇರಲಿಲ್ಲ. ರಾಮಂತಾಪುರ ದಾಟುವ ತನಕ ನನ್ನ ಬೆನ್ನಿಗೆ ಅವರ ಎದೆ ಬಡಿದುಕೊಳ್ಳುವುದು ತಿಳಿಯುತ್ತಿತ್ತು. ಅವರಿಗೂ ಹೆದರಿಕೆ ಆಗಿತ್ತು. ಅವರು ಶಾಂತರಾಗಿದ್ದರು ಎಂದು ಆಮೇಲೆ ಹೇಳಿದವರಿಗೆಲ್ಲ ನಾನು ಇದನ್ನು ಹೇಳಿದ್ದೇನೆ.

ಉಪ್ಪಲ್ ಹತ್ತಿರ ಬಂದಾಗ ಹೆಂಗಸು ಮೇಡಮ್ಮನ್ನು ಕೇಳಿದಳು: "ನಿಮ್ಮ ಮಗಳೇನ್ರಿ ಈಕಿ?"

"ಹೂಂ. ಭಾಳ ಮಾತಾಡ್ತಾಳ."

"ನನ್ನ ಮಗಳೂ ಹಂಗ ಐತ್ರಿ" ಅಂದಳು. ಇಳಿಯುವಾಗ ನನ್ನ ಕಡೆ ಇನ್ನೊಮ್ಮೆ ನೋಡಿದಳು. ಕ್ಷಮಿಸಿದಳು ಎಂದು ಬರೆಯಲು ನನ್ನ ಬಳಿ ಪುರಾವೆ ಇಲ್ಲ. ನೋಡಿದಳು, ಅಷ್ಟೇ.

ಶೆಡ್ಡಿಗೆ ಮರಳಿದ ಮೇಲೆ ನಾನು ಕೇಳಿದೆ, ಹೀಗಾಗುತ್ತದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?

"ಗೊತ್ತಿತ್ತು ಅಂತಲ್ಲ. ಬೆನ್ನ ಓದಿದಾಗ ಒಂದ್ ನಮೂನಿ ಆತು. ಅದಕ್ಕ ಬಂದೆ."

"ಹೇಳಬೇಕಿತ್ತಲ್ರಿ."

"ಹೇಳಿದ್ರ ನೀ ವಾದ ಮಾಡ್ತಿದ್ದಿ. ಗೆದ್ದೂ ಬಿಡ್ತಿದ್ದಿ."

ಅಂಗಿ ಬಿಚ್ಚಿಕೊಡು ಅಂದರು. ನಾನು ಶಾಲು ಸುತ್ತಿಕೊಂಡು ಕೂತೆ. ಅವರು ಅದನ್ನು ಮೇಜಿನ ಮೇಲೆ ಬೋರಲು ಹಾಸಿ, ಖಾಲಿ ಚೌಕಟ್ಟೊಂದನ್ನು ಇಟ್ಟು, ಇಂಕು ಸುರಿದು, ರಬ್ಬರಿನ ಪಟ್ಟಿಯಿಂದ ಒಮ್ಮೆ ಎಳೆದರು, ಇನ್ನೊಮ್ಮೆ ಎಳೆದರು. ಮರೂನ್ ಚೌಕದ ಕೆಳಗೆ ನನ್ನ ಪ್ರಶ್ನೆ ಮುಚ್ಚಿಹೋಯಿತು. ಇದು ಸೆನ್ಸಾರ್ ಅಲ್ಲವೇನ್ರಿ, ಅಂದೆ. "ಡಬ್ಬ್ಯಾಗ ಉಳಿದಿದ್ದು ಇದ ಬಣ್ಣ" ಎಂದಷ್ಟೇ ಹೇಳಿ ಬಿಸಿಗಾಳಿ ಹಾಯಿಸಿ ಒಣಗಿಸಿದರು. ಅದೇ ಘಾಟು. "ಇಸ್ತ್ರಿ ಹಾಕಬೇಕಾದ್ರ ಒಳಗಿನ ಮೈ ಹೊರಗ ಮಾಡಿ ಹಾಕು" ಅಂದರು.

ಸಂಜೆಯೊಳಗೆ ವಿಡಿಯೊ ಎಲ್ಲರ ಫೋನಿನಲ್ಲಿತ್ತು. ನನ್ನ ಬೆನ್ನು, ಹೆಂಗಸಿನ ಮುಖ, ಮೇಡಮ್ ಏಳುವುದಕ್ಕಿಂತ ಮೊದಲೇ ಮುಗಿಯುವ ತುಣುಕು. ಕೆಳಗೆ ನಮ್ಮ ವಿಶ್ವವಿದ್ಯಾಲಯದ ಹೆಸರು.

ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ನಾನು ತಯಾರಾಗಿ ಹೋಗಿದ್ದೆ. ಬಾಗಿಲಲ್ಲಿ ಮೇಡಮ್, "ನೀ ಸುಮ್ಮನಿರು. ಅಂಗಿಗಿದ್ದ ನಿಯಮ ಇಲ್ಲೂ ಐತಿ" ಅಂದಿದ್ದರು. ಸಾಹೇಬರು, ಬೇಡ ಅಂದಿದ್ದರೂ ಹುಡುಗಿಯನ್ನು ಯಾಕೆ ಕಳಿಸಿದಿರಿ, ಅಂದರು. ಮೇಡಮ್, "ನಾನೇ ಕಳಿಸಿದ್ದು, ನಾನೇ ಜೊತೆಗಿದ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾದರು. ಅವರು ಬಸ್ಸಿನಲ್ಲಿ ಮಾಡಿದ್ದನ್ನು ಹೇಳಲಿಲ್ಲ. ಯಾರ ಡಿಸೈನು ಎಂದೂ ಹೇಳಲಿಲ್ಲ. ಆ ಮೌನದಲ್ಲಿ ಸಾಹೇಬರು ತಮಗೆ ಬೇಕಾದ್ದನ್ನೆಲ್ಲ ತುಂಬಿಕೊಳ್ಳುತ್ತಿರುವುದು ನನಗೆ ಕಾಣುತ್ತಿತ್ತು.

ನಾನು ಎದ್ದು ನಿಂತು ಮಾತಾಡಿದೆ. ವಿಡಿಯೊದಲ್ಲಿ ಇಲ್ಲದ ಅರ್ಧವನ್ನು ಹೇಳಿದೆ. ಅಪಾಯ ಇದ್ದದ್ದು ತಿರುಗಾಟದಲ್ಲಲ್ಲ, ನನ್ನ ಡಿಸೈನಿನಲ್ಲಿ, ಅದನ್ನು ಹಿಡಿದುಕೊಟ್ಟದ್ದೇ ತಿರುಗಾಟ, ಅಂದೆ. ಇದೇ ಅಂಗಿ ಆನ್‌ಲೈನ್ ವೋಟಿನಲ್ಲಿ ಗೆದ್ದು ನೂರಾರು ಬೆನ್ನುಗಳ ಮೇಲೆ ಊರಿಗೆ ಬಿದ್ದಿದ್ದರೆ ಆಗ ಯಾರನ್ನು ಕರೆಸುತ್ತಿದ್ದಿರಿ, ಎಂದು ಕೇಳಿದೆ. ಸಾಹೇಬರ ಬಳಿ ಉತ್ತರ ಇರಲಿಲ್ಲ. ಯಾವ ತೀರ್ಪುಗಾರ ಕೂತಿದ್ದರೂ ಆ ಸುತ್ತು ನನ್ನದೇ. ಉತ್ತರವಿಲ್ಲದ ಮನುಷ್ಯ ಕುರ್ಚಿಯಲ್ಲಿ ಕೂತಿದ್ದರೆ ಏನು ಮಾಡುತ್ತಾನೆ ಎಂಬುದನ್ನು ಮಾತ್ರ ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಅವರು, ನೀವಿನ್ನು ಹೋಗಬಹುದು, ಅಂದರು.

ಹೊರಗೆ ಬಂದಾಗ ಮೇಡಮ್ ಸಿಟ್ಟಾಗಲಿಲ್ಲ. "ಚಲೋ ಮಾತಾಡಿದಿ" ಅಂದರು. ಅದು ಹೊಗಳಿಕೆಯಾಗಿತ್ತೋ ಅಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ಗೆದ್ದದ್ದು ನಮ್ಮ ಕ್ಲಾಸಿನ ಒಬ್ಬಳ ಡಿಸೈನು. ಕ್ಯಾಂಪಸ್ಸಿನ ಹಿಂದಿನ ಬಂಡೆಗಳು, ಒಂದರ ಮೇಲೊಂದು, ಬರಹವಿಲ್ಲ. ಅವಳ ತಿರುಗಾಟದಲ್ಲಿ ಒಬ್ಬ ಮುದುಕರು ಅವಳನ್ನು ತಡೆದು, ಇಂಥದೇ ಬಂಡೆ ನಮ್ಮ ಮನೆ ಹಿಂದೆ ಇತ್ತಮ್ಮಾ, ಒಡೆದುಬಿಟ್ಟರು, ಅಂದಿದ್ದರಂತೆ. ಪ್ರತಿ ವರ್ಷ ಸ್ಥಾಪನಾ ದಿನ ಗೆದ್ದ ಅಂಗಿಯನ್ನು ಮೇಡಮ್ ಸೀರೆಯ ಮೇಲೇ ತೊಟ್ಟು, ಸೆರಗನ್ನು ಅದರ ಮೇಲೆ ಹೊದ್ದು ಬರುತ್ತಿದ್ದರು. ಹುಡುಗರು ನಗುತ್ತಿದ್ದರು, ಅವರೂ ನಗುತ್ತಿದ್ದರು. ಆ ಸಲವೂ ಹಾಗೇ ಬಂದರು. ಗೇಟಿನಿಂದ ಶೆಡ್ಡಿನ ತನಕ ಬಂಡೆಗಳನ್ನು ಎದೆಯ ಮೇಲೆ ಹೊತ್ತು ನಡೆದರು. ಈ ಸಲ ನಕ್ಕವರು ಕಡಿಮೆ.

ಜೂನ್‌ನಲ್ಲಿ ಕರೆ ಬರಲಿಲ್ಲ.

ನಾವು ಕೆಲವರು ಸಹಿ ಸಂಗ್ರಹಿಸೋಣ ಎಂದು ಅವರಿಗೆ ಫೋನು ಮಾಡಿದೆವು. "ಬ್ಯಾಡ್ರವಾ. ನಾನೂ ದಣಿದೀನಿ" ಅಂದರು. ತಂಗಿಯ ಮನೆಗೆ, ಗದಗಿಗೆ ಹೊರಟಿದ್ದರು. ಅಷ್ಟು ವರ್ಷ ಬಿಡದಿದ್ದ ಊರನ್ನು ಬಿಟ್ಟರು. ಹೋಗುವ ಮುಂಚೆ ಬಂದು ನೋಡುತ್ತೇನೆ ಅಂದೆ. ಪರೀಕ್ಷೆ ಇತ್ತು, ಆಮೇಲೆ ಒಂದು ಸ್ಪರ್ಧೆ ಇತ್ತು... ಹೋಗುವುದು ಆಗಲಿಲ್ಲ. ಹೋದ ಚಳಿಗಾಲದಲ್ಲಿ ಹಳೆಯ ಕ್ಲಾಸಿನ ಗುಂಪಿನಲ್ಲಿ ಒಂದು ಸಂದೇಶ ಬಂತು. ಮೇಡಮ್ ತೀರಿಕೊಂಡು ಆಗಲೇ ತಿಂಗಳಾಗಿತ್ತು. ಅದರ ಮೇಲೊಂದು ಮದುವೆ ಆಮಂತ್ರಣ, ಕೆಳಗೊಂದು ಜೋಕು. ಕೈಮುಗಿದ ಗುರುತುಗಳು ಸಾಲಾಗಿ ಬಂದವು. ನಾನೂ ಒಂದು ಹಾಕಿದೆ.

ಅವರೊಂದಿಗೆ ನನ್ನದೊಂದು ವಾದ ಬಾಕಿ ಇದೆ. ಬಸ್ಸಿನಲ್ಲಿ ಅವರ ನಿಯಮ ಸರಿ, ಒಪ್ಪುತ್ತೇನೆ. ಹೊಡೆತ ತಿಂದವರ ಮುಂದೆ ವಿವರಿಸಬಾರದು. ಆದರೆ ಕುರ್ಚಿಯಲ್ಲಿ ಕೂತವರ ಮುಂದೆಯೂ ಅದೇ ನಿಯಮವೇ? ಅಲ್ಲಿ ಸುಮ್ಮನಿದ್ದರೆ ಅವರಿಗೇ ಅನುಕೂಲವಲ್ಲವೇ? ನಾನು ಮಾತಾಡದಿದ್ದರೂ ಆ ಜೂನ್ ಹಾಗೇ ಬರುತ್ತಿತ್ತು ಎಂದು ನಾನು ವಾದಿಸಬಲ್ಲೆ. ಮಾತಾಡಿದ್ದರಿಂದಲೇ ಬಂತು ಎಂದು ಅವರೂ ವಾದಿಸಬಹುದಿತ್ತು. ವಾದಿಸುತ್ತಿರಲಿಲ್ಲ, ಅದು ಬೇರೆ. ಜಾಳಿಗೆ ತೊಳೆಯುತ್ತಾ ಒಂದು ಸಾಲು ಅಂದು ನನ್ನ ಹತ್ತು ಸಾಲುಗಳನ್ನು ನೆಲಕ್ಕೆ ಬೀಳಿಸುತ್ತಿದ್ದರು. ಎದುರು ಪಕ್ಷ ಬಾರದಿದ್ದರೆ ಬಂದವರದೇ ಗೆಲುವು ಅನ್ನುವುದು ಡಿಬೇಟಿನ ನಿಯಮ. ಆ ಪ್ರಕಾರ ಈ ವಾದದಲ್ಲಿ ನಾನು ಗೆದ್ದಿದ್ದೇನೆ. ಇದನ್ನು ಗೆಲುವು ಅಂತ ಕರೆದವರು ಯಾರೋ, ಅವರು ಖಾಲಿ ಕುರ್ಚಿಯ ಎದುರು ನಿಂತು ಮಾತಾಡಿದವರಲ್ಲ.

ಭಾನುವಾರ ಇಸ್ತ್ರಿ ಪೆಟ್ಟಿಗೆ ಆರಿದ ಮೇಲೆ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದೆ. ಚೌಕದ ಮೇಲೆ ಬೆರಳಾಡಿಸಿದರೆ ಕೆಳಗಿನ ಅಕ್ಷರಗಳು ಉಬ್ಬಿಕೊಂಡು ಸಿಗುತ್ತವೆ, ಒಂದೊಂದೂ. ಕರಗಿದ ಮೂಲೆಯಲ್ಲಿ ಬಿಳಿ ಬಣ್ಣ ಇಣುಕುತ್ತಿತ್ತು. ಮರೂನ್ ಬಣ್ಣ ಡಬ್ಬಿಯಲ್ಲಿ ಉಳಿದದ್ದಕ್ಕೆ ಬಂದದ್ದು, ಅವತ್ತಿನ ಅವರ ಸೀರೆಯ ಬಣ್ಣ ಎಂದು ಅದಕ್ಕೆ ಬೇರೆ ಅರ್ಥ ಹಚ್ಚುವುದು ಸೋಮಾರಿ ಓದು, ಎಂದು ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅವ್ವ ಬಂದು, "ಹೋತಲ್ಲ ಅದು, ಒರಸಾಕ ಇಡು" ಅಂದಳು. ಇಡಲಿಲ್ಲ.

ಸೋಮವಾರ ಅದನ್ನೇ ತೊಟ್ಟು ಕೆಲಸಕ್ಕೆ ಹೊರಟೆ. ನನ್ನ ಆಫೀಸು ಈಗ ಉಪ್ಪಲ್‌ನಲ್ಲಿ. ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ಹುಡುಗಿಯ ದನಿ, ತೆಲುಗಿನಲ್ಲಿ ಕೇಳಿತು: ಅಕ್ಕಾ, ನಿಮ್ಮ ಬೆನ್ನ ಮೇಲೆ ಅದೇನು?

ಉತ್ತರ ನನ್ನ ಬಳಿ ಇತ್ತು. ಮೊದಲಿನಿಂದ ಕೊನೆಯ ತನಕ, ಅಂಶ ಅಂಶವಾಗಿ, ಇಲ್ಲಿ ಬರೆದಷ್ಟೂ ಇತ್ತು. ನಾನು ಕಿಟಕಿಯ ಕಡೆ ತಿರುಗಿ ಸುಮ್ಮನೆ ನಿಂತೆ. ರಾಮಂತಾಪುರ ಬಂತು, ಹೋಯಿತು. ಜನ ಒತ್ತುತ್ತಿದ್ದರು, ಆದರೂ ಅವತ್ತು ಮೇಡಮ್ ಒತ್ತಿ ನಿಂತಿದ್ದ ಬೆನ್ನಿಗೆ ಗಾಳಿ ತಾಗುತ್ತಿತ್ತು.